ನಾಯಿಯ ಕಿವಿಯ ಬೇನೆ: ಒಂದು ಚಾರಿತ್ರಿಕ ಸಮೀಕ್ಷೆ

ರೋಗಗಳಿಗೂ ಚರಿತ್ರೆಯುಂಟೆಂಬುದನ್ನು ವಿದ್ವಾಂಸರು ಒಪ್ಪಿ ಬಹುಕಾಲವಾಗಿಲ್ಲ. ಹಾಗೆ ಒಪ್ಪಿದ ಮೇಲೆಯೂ ಪ್ಲೇಗು, ಕಾಲರಾ, ಸಿಡುಬುಗಳಂತಹ ಮಹಾಮಾರಿಗಳ ಕಡೆಗೇ ಅವರ ದೃಷ್ಟಿ ಹೆಚ್ಚಾಗಿ ಹರಿದಿದೆ. ಪ್ರಾಣಿಗಳ ರೋಗಗಳಲ್ಲಿ ದನಗಳ ದೊಡ್ಡರೋಗದ ಚರಿತ್ರೆ ಸಾಕಷ್ಟು ವಿವರವಾಗಿ ರಚಿತವಾಗಿದೆ. ಅದು ರಾಜ್ಯಗಳ ಬೊಕ್ಕಸವನ್ನೂ ರೈತರ ಬಾಳನ್ನೂ ಒಮ್ಮೆಗೇ ಅಲುಗಿಸಿದ ರೋಗವಾದುದರಿಂದ ಇದು ಸಹಜವೇ ಆಗಿದೆ. ಆದರೆ ಪ್ರಾಣವನ್ನು ತೆಗೆಯದೆ, ದಿನದಿನವೂ ನೋಯಿಸುತ್ತ, ತಿಂಗಳುಗಟ್ಟಲೆ ಉಳಿಯುವ ಸಣ್ಣ ಬೇನೆಗಳಿಗೆ ಚರಿತ್ರಕಾರರು ದೊರೆಯುವುದು ವಿರಳ. ಅಂತಹ ಬೇನೆಗಳಲ್ಲೊಂದಾದ ನಾಯಿಯ ಕಿವಿಯ ಉರಿಯೂತವನ್ನು ಕುರಿತು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ವಿಷಯ ಅಲ್ಪವೆಂದು ಕೆಲವರಿಗೆ ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಎರಡು ದೊಡ್ಡ ಪ್ರಶ್ನೆಗಳ ಮೇಲೆ ಬೆಳಕು ಚೆಲ್ಲುತ್ತದೆ. ಯಾವ ಪ್ರಾಣಿಯ ನೋವನ್ನು ಒಂದು ಸಮಾಜ ಬರೆದಿಡಲು ಯೋಗ್ಯವೆಂದು ಎಣಿಸುತ್ತದೆ ಎಂಬುದು ಮೊದಲನೆಯದು. ಒಂದು ರೋಗಕ್ಕೆ ಇಟ್ಟ ಹೆಸರು ಅದರ ತಿಳುವಳಿಕೆಗೆ ಎಷ್ಟು ಸಹಾಯಮಾಡುತ್ತದೆ, ಎಷ್ಟು ಅಡ್ಡಿಯಾಗುತ್ತದೆ ಎಂಬುದು ಎರಡನೆಯದು.

೧

ಚರಿತ್ರೆಗೆ ಪ್ರವೇಶಿಸುವ ಮುನ್ನ ನಾಯಿಯ ಕಿವಿಯ ರಚನೆಯನ್ನು ಸ್ಥೂಲವಾಗಿ ಅರಿಯುವುದು ಅವಶ್ಯಕ. ಮನುಷ್ಯನ ಕಿವಿಯ ನಾಳ ಗಿಡ್ಡವಾಗಿ, ಬಹುಮಟ್ಟಿಗೆ ನೇರವಾಗಿ ತಮಟೆಯವರೆಗೆ ಸಾಗುತ್ತದೆ. ನಾಯಿಯ ಕಿವಿಯ ನಾಳವಾದರೋ ಹಾಲೆಯ ಬುಡದಿಂದ ಮೊದಲು ಕೆಳಮುಖವಾಗಿ ಇಳಿದು, ಬಳಿಕ ಮಡಿಸಿದ ಮೊಣಕೈಯಂತೆ ಒಳಕ್ಕೆ ತಿರುಗಿ ತಮಟೆಯನ್ನು ಮುಟ್ಟುತ್ತದೆ. ಒಳಗೆ ಸೇರಿದ ನೀರು ತಾನಾಗಿ ಹೊರಕ್ಕೆ ಹರಿದು ಬರಲಾರದು. ಒಳಗೆ ಹೊಕ್ಕ ಹುಲ್ಲಿನ ಮೊನೆ ಹಿಂದಿರುಗಲಾರದು. ಹೊರಗಿನಿಂದ ನೋಡುವವನ ಕಣ್ಣಿಗೆ ತಿರುವಿನ ಆಚೆಗಿನ ಭಾಗ ಕಾಣಲಾರದು. ಹಾಲೆ ಜೋತುಬಿದ್ದ ತಳಿಗಳಲ್ಲಿ ಗಾಳಿಯಾಡುವುದೂ ಕಡಿಮೆ. ನಾಳದ ಒಳಗೂ ದಟ್ಟವಾಗಿ ಕೂದಲು ಬೆಳೆಯುವ ತಳಿಗಳಲ್ಲಿ ಗುಗ್ಗೆಯೂ ತೇವವೂ ಸುಲಭವಾಗಿ ನಿಲ್ಲುತ್ತವೆ.

ಬೇನೆಯ ಲಕ್ಷಣಗಳು ಎಲ್ಲ ಕಾಲಗಳಲ್ಲಿಯೂ ಒಂದೇ ಆಗಿವೆ. ನಾಯಿ ತಲೆಯನ್ನು ಮತ್ತೆ ಮತ್ತೆ ಕೊಡವುತ್ತದೆ. ಹಿಂಗಾಲಿನಿಂದ ಕಿವಿಯನ್ನು ಕೆರೆಯುತ್ತದೆ. ನೆಲಕ್ಕೂ ಗೋಡೆಗೂ ಕಿವಿಯನ್ನು ಉಜ್ಜುತ್ತದೆ. ನೋಯುವ ಕಡೆಗೆ ತಲೆಯನ್ನು ವಾಲಿಸುತ್ತದೆ. ನಾಳದಲ್ಲಿ ಕಂದು, ಕಪ್ಪು ಅಥವಾ ಹಳದಿ ಬಣ್ಣದ ಸ್ರಾವವೂ ದುರ್ಗಂಧವೂ ಕಾಣಿಸಿಕೊಳ್ಳುತ್ತವೆ. ಕೊಡವಿ ಕೊಡವಿ ಹಾಲೆಯೊಳಗಿನ ರಕ್ತನಾಳ ಒಡೆದು ಕಿವಿ ಊದಿಕೊಳ್ಳುವುದೂ ಉಂಟು. ಲಕ್ಷಣಗಳು ಇಷ್ಟು ಸ್ಪಷ್ಟವಾಗಿದ್ದರೂ, ಅವುಗಳ ಹಿಂದಿರುವ ಕಾರಣ ಮಾತ್ರ ಆ ತಿರುವಿನ ಆಚೆಯಲ್ಲಿ ಬಹುಕಾಲ ಅಡಗಿಯೇ ಇದ್ದಿತು.

೨

ನಮಗೆ ತಿಳಿದ ಮಟ್ಟಿಗೆ, ನಾಯಿಯ ಕಿವಿಯನ್ನು ಕುರಿತು ನಿರ್ದಿಷ್ಟವಾದ ಸಲಹೆಗಳು ದೊರೆಯುವ ಪ್ರಾಚೀನ ಗ್ರಂಥಗಳಲ್ಲಿ ರೋಮನರ ಕೃಷಿಗ್ರಂಥಗಳು ಮುಖ್ಯವಾದವು. ಕ್ರಿ. ಪೂ. ೩೭ರಲ್ಲಿ ಕೃಷಿಯನ್ನು ಕುರಿತು ಬರೆದ ವಾರೋ ಎಂಬ ಪಂಡಿತನು, ನೊಣ, ಉಣ್ಣೆ, ಚಿಗಟಗಳು ನಾಯಿಯ ಕಿವಿಗಳನ್ನೂ ಕಾಲ್ಬೆರಳುಗಳ ಸಂದುಗಳನ್ನೂ ಹುಣ್ಣುಮಾಡುವುದರಿಂದ, ನೀರಿನಲ್ಲಿ ಅರೆದ ಬಾದಾಮಿಯನ್ನು ಅಲ್ಲಿಗೆ ಹಚ್ಚಬೇಕೆಂದು ಹೇಳಿದ್ದಾನೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಕೊಲುಮೆಲ್ಲಾ ಇನ್ನೂ ವಿವರವಾಗಿ ಬರೆದಿದ್ದಾನೆ. ಬೇಸಗೆಯಲ್ಲಿ ನೊಣಗಳ ಕಾಟದಿಂದ ನಾಯಿಗಳ ಕಿವಿಗಳು ಹುಣ್ಣಾಗಿ, ಕೆಲವೊಮ್ಮೆ ಇಡಿಯ ಹಾಲೆಯೇ ನಷ್ಟವಾಗುತ್ತದೆಂದೂ, ಅದನ್ನು ತಡೆಯಲು ಅರೆದ ಕಹಿಬಾದಾಮಿಯನ್ನು ಲೇಪಿಸಬೇಕೆಂದೂ, ಹುಣ್ಣಾಗಿಬಿಟ್ಟಿದ್ದರೆ ಕಾಯಿಸಿದ ರಾಳದ ದ್ರವವನ್ನು ಹಂದಿಯ ಕೊಬ್ಬಿನೊಡನೆ ಬೆರೆಸಿ ಹನಿಸಬೇಕೆಂದೂ ಅವನು ವಿಧಿಸುತ್ತಾನೆ. ಉಣ್ಣೆಗಳನ್ನು ಕೈಯಿಂದ ಕೀಳಬಾರದು, ಕಿತ್ತರೆ ಅಲ್ಲಿಯೇ ಹುಣ್ಣಾಗುತ್ತದೆಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ.

ಈ ಸಲಹೆಗಳು ವೈದ್ಯಗ್ರಂಥದಲ್ಲಿರದೆ ಕೃಷಿಗ್ರಂಥದಲ್ಲಿ ಇರುವುದು ಗಮನಾರ್ಹ. ರೋಮನ್ ಜಮೀನ್ದಾರನಿಗೆ ನಾಯಿ ಒಂದು ಆಸ್ತಿ. ಮನೆಯನ್ನೂ ಕುರಿಮಂದೆಯನ್ನೂ ಕಾಯುವ ಆಳು. ಆಳಿನ ಕಿವಿ ಕೆಟ್ಟರೆ ಕಾವಲು ಕೆಡುತ್ತದೆ. ಹೀಗೆ ಉಪಯೋಗದ ದೃಷ್ಟಿಯಿಂದ ಹುಟ್ಟಿದ ಜ್ಞಾನ ಇದು. ಅದರ ಮಿತಿಯೂ ಅಲ್ಲಿಯೇ ಇದೆ: ವಾರೋ, ಕೊಲುಮೆಲ್ಲಾ ಇಬ್ಬರೂ ನೋಡಿದ್ದು ಕಿವಿಯ ಹೊರಗನ್ನು. ಕಣ್ಣಿಗೆ ಕಂಡ ನೊಣವೇ ಕಾರಣವಾಯಿತು. ಹಾಲೆಯ ಅಂಚಿನ ಹುಣ್ಣಿಗೆ ಈ ಮಾತು ಇಂದಿಗೂ ಸರಿಯೇ. ನಾಳದ ಒಳಗಿನ ಬೇನೆಗೆ ಅಲ್ಲ.

೩

ಭಾರತದ ಕಡೆಗೆ ತಿರುಗಿದರೆ ಒಂದು ವಿಚಿತ್ರ ಪರಿಸ್ಥಿತಿ ಕಾಣುತ್ತದೆ. ನಾಯಿಗೆ ನಮ್ಮ ನಾಡಿನಲ್ಲಿ ಸಂದ ಗೌರವಕ್ಕೆ ಆತಕೂರಿನ ಶಾಸನ ಶಾಶ್ವತ ಸಾಕ್ಷಿಯಾಗಿದೆ. ಕ್ರಿ. ಶ. ೯೪೯ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನು, ತನ್ನ ಭಟನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ ವರವನ್ನು ಬೇಡೆಂದಾಗ, ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುದರ ನೆನಪಿಗೆ ಕಲ್ಲನ್ನು ನೆಡಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಸಾರಮೇಯವಿನೋದಕ್ಕೂ ಸ್ಥಾನ ದೊರೆತಿದೆ.

ಪ್ರಾಣಿವೈದ್ಯದ ಪರಂಪರೆಯೂ ನಮ್ಮಲ್ಲಿ ಬಡವಾದುದಲ್ಲ. ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ ಪ್ರಸಿದ್ಧವಾಗಿವೆ. ಕನ್ನಡದಲ್ಲಿಯೇ ಸುಮಾರು ೧೧೦೦ರಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನೂ, ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನೂ ಬರೆದರು. ಆನೆ, ಕುದುರೆಗಳು ರಾಜ್ಯದ ಬಲ; ಹಸು ಮನೆಯ ಸಿರಿ. ಇವುಗಳ ಸಾಲಿನಲ್ಲಿ ನಿಲ್ಲುವಂತಹ ಪ್ರಸಿದ್ಧಿ ಶ್ವಾನವೈದ್ಯದ ಯಾವ ಗ್ರಂಥಕ್ಕೂ ಬರಲಿಲ್ಲ. ಸತ್ತ ನಾಯಿಗೆ ವೀರಗಲ್ಲು ದೊರೆಯಿತು. ಬದುಕಿದ್ದ ನಾಯಿಯ ಬೇನೆಗೆ ಹೆಸರುವಾಸಿಯಾದ ಶಾಸ್ತ್ರ ದೊರೆಯಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ಪ್ರಸ್ತಾಪ ಬರುತ್ತದೆಯಾದರೂ, ಅಲ್ಲಿನ ಚಿಂತೆ ಕಚ್ಚಿಸಿಕೊಂಡ ಮನುಷ್ಯನನ್ನು ಕುರಿತದ್ದು.

ಆದರೂ ಸುಶ್ರುತನ ಉತ್ತರತಂತ್ರದಲ್ಲಿ ಮನುಷ್ಯನ ಕಿವಿಯ ರೋಗಗಳನ್ನು ಇಪ್ಪತ್ತೆಂಟಾಗಿ ವಿಂಗಡಿಸಿರುವ ರೀತಿ ನಮ್ಮ ವಿಷಯಕ್ಕೆ ಬಹಳ ಪ್ರಸ್ತುತವಾಗಿದೆ. ಕರ್ಣಶೂಲವೆಂದರೆ ನೋವು, ಕರ್ಣಕಂಡೂ ಎಂದರೆ ನವೆ, ಕರ್ಣಸ್ರಾವವೆಂದರೆ ಸೋರುವುದು, ಕರ್ಣಗೂಥವೆಂದರೆ ಒಣಗಿ ಗಟ್ಟಿಯಾದ ಗುಗ್ಗೆ, ಪೂತಿಕರ್ಣವೆಂದರೆ ದುರ್ಗಂಧದ ಕೀವು, ಕೃಮಿಕರ್ಣವೆಂದರೆ ಹುಳು ಬಿದ್ದ ಕಿವಿ. ನವೆ, ಗುಗ್ಗೆ, ಕೀವು, ಹುಳು ಇವು ಬೇರೆಬೇರೆ ಎಂದು ಹೆಸರಿಟ್ಟು ಬೇರ್ಪಡಿಸಿದ ಈ ಕ್ರಮವನ್ನು ನಾಯಿಯ ಕಿವಿಗೆ ಅನ್ವಯಿಸಿದ್ದರೆ ಎಷ್ಟು ಪ್ರಯೋಜನವಾಗುತ್ತಿತ್ತೆಂಬುದನ್ನು ಮುಂದಿನ ಚರಿತ್ರೆ ತೋರಿಸುತ್ತದೆ.

೪

ಮಧ್ಯಯುಗದ ಯೂರೋಪಿನಲ್ಲಿ ನಾಯಿಯ ಸ್ಥಾನ ಕುರಿಮಂದೆಯಿಂದ ಅರಮನೆಯ ಬೇಟೆಗೆ ಏರಿತು. ಅದರೊಡನೆ ನಾಯಿಯ ವೈದ್ಯವೂ ಬೇಟೆಯ ಗ್ರಂಥಗಳಿಗೆ ಏರಿತು. ಫ್ವಾ ಪ್ರಾಂತದ ಪ್ರಭು ಗಾಸ್ತಾನ್ ಫೇಬಸನು ೧೩೮೭ರಲ್ಲಿ ಬರೆಯಲಾರಂಭಿಸಿದ ಫ್ರೆಂಚ್ ಬೇಟೆಗ್ರಂಥ ಇವುಗಳಲ್ಲಿ ಅಗ್ರಗಣ್ಯವಾದುದು. ಅದರ ಚಿತ್ರಸಹಿತವಾದ ಹಸ್ತಪ್ರತಿಯೊಂದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದು, ಸೇವಕರು ರೋಗಪೀಡಿತ ನಾಯಿಗಳನ್ನು ಉಪಚರಿಸುತ್ತಿರುವ ಚಿತ್ರ ಅದರಲ್ಲಿದೆ. ಈ ಗ್ರಂಥವನ್ನು ಯಾರ್ಕ್ ಪ್ರಭು ಎಡ್ವರ್ಡನು ೧೪೦೬ರಿಂದ ೧೪೧೩ರ ನಡುವೆ ಕೆಲವು ಅಧ್ಯಾಯಗಳನ್ನು ಸೇರಿಸಿ ಇಂಗ್ಲಿಷಿಗೆ ಅನುವಾದಿಸಿದನು. ಅವನು ೧೪೧೫ರಲ್ಲಿ ಅಜಿನ್‌ಕೋರ್ಟಿನ ರಣರಂಗದಲ್ಲಿ ಮಡಿದನು.

ಆ ಇಂಗ್ಲಿಷ್ ಗ್ರಂಥದಲ್ಲಿ ಕಿವಿಯ ಬೇನೆಗೆ ಹೇಳಿರುವ ಉಪಚಾರ ಹೀಗಿದೆ: ನಾಯಿ ಹಿಂಗಾಲಿನಿಂದ ಕೆರೆದುಕೊಂಡು ಕಿವಿಯಿಂದ ಕೊಳೆ ಹೊರಬರುತ್ತಿದ್ದರೆ, ಉಗುರುಬೆಚ್ಚಗಿನ ದ್ರಾಕ್ಷಾಮದ್ಯದಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಬಾರಿ ಚೆನ್ನಾಗಿ ತೊಳೆಯಬೇಕು, ತೊಳೆದ ಬಳಿಕ ಕೆಲವು ಹನಿ ಬೆಚ್ಚನೆಯ ಎಣ್ಣೆಯನ್ನೂ ಕ್ಯಾಮೊಮೈಲ್ ಹೂವಿನ ಸಾರವನ್ನೂ ಬಿಡಬೇಕು, ವಾಸಿಯಾಗುವವರೆಗೆ ಕೆರೆದುಕೊಳ್ಳಗೊಡಬಾರದು.

ಔಷಧಿಗಳನ್ನು ಬದಿಗಿಟ್ಟು ಕ್ರಮವನ್ನಷ್ಟೇ ಗಮನಿಸಿದರೆ, ಮೊದಲು ಶುಚಿಗೊಳಿಸುವುದು, ಆಮೇಲೆ ಹನಿ ಬಿಡುವುದು, ಕೆರೆತವನ್ನು ತಡೆಯುವುದು, ವಾಸಿಯಾಗುವ ತನಕ ಬಿಡದೆ ನಡೆಸುವುದು ಎಂಬ ನಾಲ್ಕು ಸೂತ್ರಗಳು ಇಲ್ಲಿವೆ. ಇಂದಿನ ಪಶುವೈದ್ಯರೂ ಇದೇ ಕ್ರಮವನ್ನು ಹೇಳುತ್ತಾರೆ. ಕಾರಣ ತಿಳಿಯದೆಯೂ ಸರಿಯಾದ ಶುಶ್ರೂಷೆ ಸಾಧ್ಯವಾಗಿದ್ದುದಕ್ಕೆ, ದಿನವಿಡೀ ನಾಯಿಗಳೊಡನೆಯೇ ಬದುಕುತ್ತಿದ್ದ ಬೇಟೆಯಾಳುಗಳ ಅನುಭವವೇ ಆಧಾರವಾಗಿದ್ದಿರಬೇಕೆಂದು ನಾವು ಊಹಿಸಬಹುದು.

೫

೧೭೬೧ರಲ್ಲಿ ಕ್ಲೋಡ್ ಬೂರ್ಜೆಲಾ ಲಿಯೋನ್ ನಗರದಲ್ಲಿ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದನು. ಲಂಡನ್ನಿನ ಕಾಲೇಜು ೧೭೯೧ರಲ್ಲಿ ಹುಟ್ಟಿತು. ಇವುಗಳ ಆಸಕ್ತಿ ಮುಖ್ಯವಾಗಿ ಕುದುರೆ, ದನಗಳಲ್ಲಿದ್ದಿತು. ನಾಯಿಯ ರೋಗಗಳನ್ನು ವ್ಯವಸ್ಥಿತವಾಗಿ ಪರಿಶೀಲಿಸಿದ ಇಂಗ್ಲಿಷ್ ಗ್ರಂಥಕಾರರಲ್ಲಿ ಡೆಲಾಬೇರ್ ಬ್ಲೇನನು ಮೊದಲಿಗನೆನ್ನಬಹುದು. ಅವನ ಶ್ವಾನರೋಗಶಾಸ್ತ್ರ ೧೮೧೭ರಲ್ಲಿ ಪ್ರಕಟವಾಯಿತು. ಅವನೊಡನೆ ವೃತ್ತಿಯನ್ನು ನಡೆಸಿದ ವಿಲಿಯಂ ಯೂಯಟ್‌ನು ೧೮೪೫ರಲ್ಲಿ ನಾಯಿಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದನು. ನಾಯಿ ಈ ವೇಳೆಗೆ ನಗರದ ಮಧ್ಯಮವರ್ಗದ ಮನೆಯೊಳಗೆ ಬಂದಿತ್ತು. ಅದರ ನೋವನ್ನು ಹತ್ತಿರದಿಂದ ನೋಡುವ ಒಡೆಯರೂ, ಅದಕ್ಕಾಗಿ ಶುಲ್ಕ ತೆರುವ ಒಡೆಯರೂ ಹುಟ್ಟಿಕೊಂಡಿದ್ದರು.

ಆ ಕಾಲದ ಗ್ರಂಥಗಳಲ್ಲಿ ಕಿವಿಯ ಬೇನೆಗೆ ‘ಕ್ಯಾಂಕರ್’ ಎಂಬುದೇ ಹೆಸರು. ಏಡಿಯನ್ನೂ ಹರಡುವ ಹುಣ್ಣನ್ನೂ ಸೂಚಿಸುವ ಲ್ಯಾಟಿನ್ ಶಬ್ದದಿಂದ ಬಂದುದು ಇದು. ನಾಳದ ಒಳಗಿನ ಉರಿಯೂತಕ್ಕೂ, ಹಾಲೆಯ ಅಂಚಿನ ಹುಣ್ಣಿಗೂ, ಕೀವಿಗೂ, ಕಪ್ಪು ಗುಗ್ಗೆಗೂ ಅದೇ ಹೆಸರು. ನೀರಿಗಿಳಿಯುವ ನಾಯಿಗಳಿಗೆ ಈ ಬೇನೆ ಹೆಚ್ಚೆಂಬುದನ್ನು ಯೂಯಟ್‌ನು ಸರಿಯಾಗಿಯೇ ಕಂಡುಕೊಂಡಿದ್ದನು. ಆದರೆ ಅದಕ್ಕೆ ಅವನು ಕೊಟ್ಟ ವಿವರಣೆ ಬೇರೆ: ಈಜುವಾಗ ದೇಹವೆಲ್ಲ ತಣ್ಣೀರಿನಲ್ಲಿ ಮುಳುಗಿ ತಲೆ ಕಿವಿಗಳು ಮಾತ್ರ ಮೇಲಿರುವುದರಿಂದ ರಕ್ತವೆಲ್ಲ ಅತ್ತ ನುಗ್ಗಿ ಉರಿಯೂತವುಂಟಾಗುತ್ತದೆ ಎಂದು. ಗಮನಿಕೆ ಸರಿ, ಕಾರಣ ತಪ್ಪು. ನಾಳದಲ್ಲಿ ನಿಂತ ತೇವದಿಂದ ಚರ್ಮ ಮೆತ್ತಗಾಗಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆಂಬುದನ್ನು ತಿಳಿಯಲು ಬೇಕಾದ ಜೀವಾಣುಶಾಸ್ತ್ರ ಆಗ ಇನ್ನೂ ಹುಟ್ಟಿರಲಿಲ್ಲ.

ಇದೇ ಶತಮಾನದಲ್ಲಿ ಕಿವಿಯನ್ನು ಕತ್ತರಿಸುವ ಪದ್ಧತಿಯೂ ವಿವಾದಕ್ಕೆ ಗುರಿಯಾಯಿತು. ಕಾದಾಡುವ ನಾಯಿಗಳ ಕಿವಿ ಎದುರಾಳಿಯ ಹಲ್ಲಿಗೆ ಸಿಕ್ಕಬಾರದೆಂದು ಕತ್ತರಿಸುವ ವಾಡಿಕೆ, ಕಾದಾಟ ನಿಷಿದ್ಧವಾದ ಮೇಲೆಯೂ ಅಲಂಕಾರವಾಗಿ ಉಳಿಯಿತು. ಕತ್ತರಿಸಿದ ಕಿವಿಗೆ ಗಾಳಿಯಾಡುವುದರಿಂದ ಬೇನೆ ಬರುವುದಿಲ್ಲವೆಂಬ ಸಮರ್ಥನೆಯೂ ಅದರ ಬೆಂಬಲಕ್ಕೆ ಬಂದಿತು. ಯೂಯಟ್‌ನು ಈ ಪದ್ಧತಿಯನ್ನು ಖಂಡಿಸಿದವರಲ್ಲೊಬ್ಬನು. ಪ್ರಾಣಿಗಳಿಗೆ ಮನುಷ್ಯನು ತೋರಬೇಕಾದ ದಯೆಯನ್ನು ಕುರಿತು ೧೮೩೯ರಲ್ಲಿಯೇ ಒಂದು ಗ್ರಂಥವನ್ನು ಬರೆದಿದ್ದವನು ಅವನು. ೧೮೯೫ರಲ್ಲಿ ಲಂಡನ್ನಿನಲ್ಲಿ ಕಿವಿ ಕತ್ತರಿಸಿದವರ ಮೇಲೆ ಹಿಂಸೆಯ ಮೊಕದ್ದಮೆ ನಡೆಯಿತು. ೧೮೯೮ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅಂತಹ ನಾಯಿಗಳನ್ನು ತನ್ನ ಪ್ರದರ್ಶನಗಳಿಂದ ಹೊರಗಿಟ್ಟಿತು. ಸಾಕುಪ್ರಾಣಿಗಳ ರಕ್ಷಣೆಗಾಗಿ ೧೯೮೭ರಲ್ಲಿ ರಚಿತವಾದ ಯೂರೋಪಿನ ಒಡಂಬಡಿಕೆಯೂ ಇದನ್ನು ನಿಷೇಧಿಸಿದೆ. ಹಾಲೆಯನ್ನು ಕತ್ತರಿಸಿದರೂ ನಾಳದ ತಿರುವು ಹಾಗೆಯೇ ಉಳಿಯುತ್ತದೆ. ಬೇನೆಯ ಮೂಲಕಾರಣಗಳೂ ಉಳಿಯುತ್ತವೆ. ಆದುದರಿಂದ ಆರೋಗ್ಯದ ಹೆಸರಿನ ಈ ಸಮರ್ಥನೆ ನಿಲ್ಲತಕ್ಕದ್ದಲ್ಲ.

೬

ತಿರುವಿನ ಆಚೆಗಿನ ಕತ್ತಲೆಯನ್ನು ಮೊದಲು ಭೇದಿಸಿದ್ದು ಸೂಕ್ಷ್ಮದರ್ಶಕ. ಮನುಷ್ಯನ ಕಜ್ಜಿಗೆ ಒಂದು ನುಸಿಯೇ ಕಾರಣವೆಂದು ಇಟಲಿಯ ಬೊನೊಮೊ ೧೬೮೭ರಲ್ಲಿಯೇ ಪ್ರಕಟಿಸಿದ್ದರೂ ವೈದ್ಯಲೋಕ ಅದನ್ನು ಮರೆತಿತ್ತು. ೧೮೩೪ರಲ್ಲಿ ರೆನುಚ್ಚಿ ಎಂಬ ಕಾರ್ಸಿಕಾದ ವಿದ್ಯಾರ್ಥಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ಎಲ್ಲರೆದುರು ಆ ನುಸಿಯನ್ನು ಸೂಜಿಯ ಮೊನೆಯಿಂದ ತೆಗೆದು ತೋರಿಸಿದ ಮೇಲೆ ಸಂಶಯ ಅಳಿಯಿತು. ನಾಲ್ಕೇ ವರ್ಷಗಳ ಬಳಿಕ, ೧೮೩೮ರಲ್ಲಿ, ಜರ್ಮನಿಯ ಹೆರಿಂಗ್ ಎಂಬ ಪಶುವೈದ್ಯನು ನಾಯಿಯ ಕಿವಿಯ ನುಸಿಯನ್ನು ವರ್ಣಿಸಿದನು. ಓಟೊಡೆಕ್ಟಿಸ್ ಸೈನೋಟಿಸ್ ಎಂಬುದು ಅದಕ್ಕೆ ಇಂದಿರುವ ಹೆಸರು. ಸುಮಾರು ಮೂರು ವಾರಗಳಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರುವ ಈ ಜೀವಿ ಚರ್ಮವನ್ನು ಕೊರೆಯದೆ ಮೇಲ್ಮೈಯಲ್ಲಿಯೇ ಬದುಕುತ್ತದೆ. ಸಂಪರ್ಕದಿಂದ ಬೆಕ್ಕಿನಿಂದ ನಾಯಿಗೂ ನಾಯಿಯಿಂದ ಬೆಕ್ಕಿಗೂ ಹರಡುತ್ತದೆ. ಕಾಫಿಪುಡಿಯನ್ನು ಹೋಲುವ ಒಣ ಕಪ್ಪು ಗುಗ್ಗೆ ಅದರ ಗುರುತು.

ಈ ನುಸಿಯನ್ನು ಕುರಿತು ಅಮೆರಿಕದ ಪಶುವೈದ್ಯ ರಾಬರ್ಟ್ ಲೋಪೆಸ್‌ನು ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗ ವಿಶೇಷವಾದುದು. ಮನುಷ್ಯನಿಗೂ ಇದು ತಗಲೀತೆ ಎಂಬುದನ್ನು ಪರೀಕ್ಷಿಸಲು, ಬೆಕ್ಕಿನ ಕಿವಿಯಿಂದ ತೆಗೆದ ನುಸಿಗಳನ್ನು ಅವನು ತನ್ನ ಕಿವಿಯಲ್ಲಿಯೇ ಬಿಟ್ಟುಕೊಂಡನು. ಒಳಗೆ ಅವು ಕೆರೆಯುವ, ಚಲಿಸುವ ಸದ್ದು ಅವನಿಗೆ ಕೇಳಿಸಿತು. ನವೆ ರಾತ್ರಿಯ ಹೊತ್ತು ಉಲ್ಬಣಿಸಿ ನಿದ್ರೆಗೆಡಿಸಿತು. ವಾರಗಟ್ಟಲೆ ಅದು ಉಳಿಯಿತು. ಮತ್ತೆ ಎರಡು ಬಾರಿ ಪ್ರಯೋಗವನ್ನು ಪುನರಾವರ್ತಿಸಿದಾಗ ಬಾಧೆ ಕ್ರಮೇಣ ಕಡಿಮೆಯಾಯಿತು. ಮರುವರ್ಷ ಈ ಕಾರ್ಯಕ್ಕೆ ಹಾಸ್ಯರೂಪದ ಇಗ್‌ನೊಬೆಲ್ ಬಹುಮಾನ ದೊರೆತು ಜನ ನಕ್ಕರು. ನಮಗಾದರೋ ಇದು ನಗೆಯ ವಿಷಯವೆಂದು ಮಾತ್ರ ತೋರುವುದಿಲ್ಲ. ರಾತ್ರಿಯಿಡೀ ತಲೆ ಕೊಡವುವ ಪ್ರಾಣಿ ಏನನ್ನು ಅನುಭವಿಸುತ್ತದೆಂಬುದಕ್ಕೆ ಮನುಷ್ಯಭಾಷೆಯಲ್ಲಿ ದೊರೆತ ನೇರವಾದ ಸಾಕ್ಷ್ಯ ಇದು.

ನುಸಿಯ ಶೋಧದಿಂದ ಒಂದು ಲಾಭವೂ ಒಂದು ನಷ್ಟವೂ ಆದವು. ಒಂದು ನಿಶ್ಚಿತ ಕಾರಣ ದೊರೆತದ್ದು ಲಾಭ. ಎಲ್ಲ ಕಿವಿಬೇನೆಗೂ ನುಸಿಯೇ ಕಾರಣವೆಂಬ ನಂಬಿಕೆ ಜನರಲ್ಲಿ ಹರಡಿದ್ದು ನಷ್ಟ. ವಸ್ತುತಃ ಬೆಕ್ಕುಗಳ ಕಿವಿಬೇನೆಗೆ ನುಸಿ ಬಹು ಸಾಮಾನ್ಯ ಕಾರಣವಾದರೂ, ಬೆಳೆದ ನಾಯಿಗಳಲ್ಲಿ ಅದರ ಪಾಲು ಅಲ್ಪವೇ.

ಎರಡನೆಯ ಶೋಧದ ಕಥೆ ಇನ್ನೂ ಅನಿರೀಕ್ಷಿತವಾದುದು. ೧೯೨೫ರಲ್ಲಿ ಅಮೆರಿಕದ ವೀಡ್‌ಮನ್ ಎಂಬ ವಿದ್ವಾಂಸನು ಚರ್ಮರೋಗದಿಂದ ನರಳುತ್ತಿದ್ದ ಭಾರತೀಯ ಖಡ್ಗಮೃಗವೊಂದರ ಮೈಯಿಂದ ಒಂದು ಬಗೆಯ ಯೀಸ್ಟನ್ನು ಬೇರ್ಪಡಿಸಿದನು. ದಪ್ಪ ಚರ್ಮದ ಪ್ರಾಣಿಯಿಂದ ದೊರೆತುದೆಂಬ ಅರ್ಥದ ‘ಪ್ಯಾಕಿಡರ್ಮಾಟಿಸ್’ ಎಂಬ ಹೆಸರು ಅದಕ್ಕೆ ಬಂದಿತು. ೧೯೫೫ರಲ್ಲಿ ಸ್ವೀಡನ್ನಿನ ಗುಸ್ತಾಫ್‌ಸನ್ ನಾಯಿಯ ಕಿವಿಯ ಬೇನೆಯನ್ನು ಪ್ರಯೋಗಪೂರ್ವಕವಾಗಿ ಪರಿಶೀಲಿಸಿ, ಅಲ್ಲಿಯೂ ಅಂತಹ ಯೀಸ್ಟನ್ನು ಕಂಡನು. ಮಲಸೇಜಿಯಾ ಪ್ಯಾಕಿಡರ್ಮಾಟಿಸ್ ಎಂದು ಇಂದು ಕರೆಯಲ್ಪಡುವ ಈ ಜೀವಿ ಆರೋಗ್ಯವಂತ ನಾಯಿಯ ಕಿವಿಯಲ್ಲಿಯೂ ಅಲ್ಪಸಂಖ್ಯೆಯಲ್ಲಿ ಇರುತ್ತದೆ. ಚರ್ಮದ ಸ್ಥಿತಿ ಕೆಟ್ಟಾಗ ಮಿತಿಮೀರಿ ಬೆಳೆದು ನವೆಯನ್ನೂ ದುರ್ವಾಸನೆಯ ಕಂದು ಸ್ರಾವವನ್ನೂ ಉಂಟುಮಾಡುತ್ತದೆ. ಸಾಮಾನ್ಯವಾಗಿ ಕಾಣುವ ಸ್ಟ್ಯಾಫಿಲೊಕಾಕಸ್ ಜೀವಾಣುವಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಆ ಜೀವಾಣುವಿನ ಹೆಸರೂ ಎರಡು ಬಾರಿ ಬದಲಾಗಿದೆ: ೧೯೭೬ರಲ್ಲಿ ಅದನ್ನು ‘ಇಂಟರ್‌ಮೀಡಿಯಸ್’ ಎಂದು ಬೇರ್ಪಡಿಸಿದರು, ನಾಯಿಯಲ್ಲಿರುವುದು ಅದರಿಂದಲೂ ಭಿನ್ನವಾದ ‘ಸ್ಯೂಡಿಂಟರ್‌ಮೀಡಿಯಸ್’ ಎಂಬುದು ೨೦೦೫ರ ವರ್ಣನೆಯ ಬಳಿಕ ಸ್ಪಷ್ಟವಾಯಿತು.

ಹಾಗಾದರೆ ಚರ್ಮದ ಸ್ಥಿತಿ ಕೆಡುವುದು ಏತರಿಂದ? ಇದಕ್ಕೆ ಉತ್ತರ ಬೇರೊಂದು ದಿಕ್ಕಿನಿಂದ ಬಂದಿತು. ೧೯೪೧ರಲ್ಲಿ ಅಮೆರಿಕದ ವಿಟ್ಟಿಚ್‌ನು ಹೂವಿನ ಪರಾಗದಿಂದ ನಾಯಿಗೂ ಮನುಷ್ಯನಂತೆಯೇ ಒಗ್ಗದಿಕೆ ಉಂಟಾಗುತ್ತದೆಂದು ವರದಿಮಾಡಿದನು. ಧೂಳು, ಪರಾಗ, ಆಹಾರಗಳ ಒಗ್ಗದಿಕೆಯಿಂದ ಬರುವ ಚರ್ಮರೋಗದಲ್ಲಿ ಕಿವಿಯೂ ಒಂದು ಮುಖ್ಯ ಸ್ಥಾನವೆಂಬುದು ಮುಂದಿನ ದಶಕಗಳಲ್ಲಿ ಸಿದ್ಧವಾಯಿತು. ಕಿವಿಯ ರೋಗವೆಂದು ಕಂಡದ್ದು ಎಷ್ಟೋ ವೇಳೆ ಇಡಿಯ ಚರ್ಮದ ರೋಗದ ಒಂದು ಅಂಶ ಮಾತ್ರ.

ಈ ಎಳೆಗಳನ್ನೆಲ್ಲ ಒಟ್ಟುಗೂಡಿಸಿದವನು ಅಮೆರಿಕದ ಆಗಸ್ಟ್ ಎಂಬ ವಿದ್ವಾಂಸ. ೧೯೮೮ರಲ್ಲಿ ಬರೆದ ಪ್ರಬಂಧದಲ್ಲಿ ಅವನು ನಾಯಿಯ ಕಿವಿಬೇನೆ ಏಕಕಾರಣದ ರೋಗವಲ್ಲ, ಬಹುಕಾರಣಗಳ ರೋಗವೆಂದು ಪ್ರತಿಪಾದಿಸಿದನು. ಜೋಲುಕಿವಿ, ತೇವ, ಕೂದಲು ಇವು ಬೇನೆಗೆ ದಾರಿಮಾಡುವ ಕಾರಣಗಳು. ನುಸಿ, ಒಗ್ಗದಿಕೆ, ಹುಲ್ಲಿನ ಮೊನೆ, ಗ್ರಂಥಿದೋಷ ಇವು ಮೂಲಕಾರಣಗಳು. ಜೀವಾಣು, ಯೀಸ್ಟ್, ನಾಳದ ಗೋಡೆ ದಪ್ಪವಾಗುವುದು, ನಡುಗಿವಿಯ ಸೋಂಕು ಇವು ಬೇನೆಯನ್ನು ಮುಂದುವರಿಸುವ ಕಾರಣಗಳು. ‘ಕ್ಯಾಂಕರ್’ ಎಂಬ ಒಂದೇ ಹೆಸರಿನಡಿಯಲ್ಲಿ ಅಡಗಿದ್ದುದೆಲ್ಲ ಹೀಗೆ ಬೇರೆಬೇರೆಯಾಗಿ ನಿಂತಿತು.

೭

ಭಾರತದಲ್ಲಿ ಆಧುನಿಕ ಪಶುವೈದ್ಯಶಿಕ್ಷಣ ಆರಂಭವಾದಾಗಲೂ ಹಳೆಯ ಕ್ರಮವೇ ಮುಂದುವರಿಯಿತು. ಮುಂಬಯಿಯಲ್ಲಿ ೧೮೮೬ರಲ್ಲಿ, ಮದರಾಸಿನಲ್ಲಿ ೧೯೦೩ರಲ್ಲಿ ಕಾಲೇಜುಗಳು ತೆರೆದುವು. ಬೆಂಗಳೂರಿನ ಹೆಬ್ಬಾಳದ ಕಾಲೇಜು ೧೯೫೮ರಲ್ಲಿ ಪ್ರಾರಂಭವಾಯಿತು. ಸೈನ್ಯದ ಕುದುರೆಯೂ ರೈತನ ದನವೂ ಮೊದಲ ಗಮನ ಪಡೆದುದು ದೇಶದ ಅವಶ್ಯಕತೆಗೆ ಅನುಗುಣವಾಗಿಯೇ ಇತ್ತು. ದೊಡ್ಡರೋಗ ೨೦೧೧ರಲ್ಲಿ ಪ್ರಪಂಚದಿಂದಲೇ ನಿರ್ಮೂಲವಾದುದು ಆ ಗಮನದ ಫಲ. ಇಂದು ನಗರಗಳಲ್ಲಿ ಮನೆಯೊಳಗೆ ಬೆಳೆಯುವ ನಾಯಿಗಳು ಹೆಚ್ಚಿವೆ. ಶೀತದೇಶಗಳಿಗಾಗಿ ರೂಪಿಸಿದ ಕಾಕರ್ ಸ್ಪ್ಯಾನಿಯಲ್, ಲ್ಯಾಬ್ರಡಾರ್‌ಗಳಂತಹ ಜೋಲುಕಿವಿಯ ತಳಿಗಳು ನಮ್ಮ ಮಳೆಗಾಲದ ತೇವದಲ್ಲಿ ಬದುಕುತ್ತಿವೆ. ಆದುದರಿಂದ ಮೇಲ್ಕಂಡ ಚರಿತ್ರೆಯಿಂದ ಹೊರಡುವ ಕೆಲವು ವ್ಯಾವಹಾರಿಕ ನಿರ್ಣಯಗಳನ್ನು ಹೇಳುವುದು ಅಪ್ರಸ್ತುತವಾಗಲಾರದು.

ಮೊದಲನೆಯದಾಗಿ, ನೋಡದೆ ಔಷಧಿ ಹಾಕತಕ್ಕದ್ದಲ್ಲ. ಒಂದೇ ಬಗೆಯ ಕೆರೆತಕ್ಕೆ ಹಲವು ಕಾರಣಗಳಿರುವುದರಿಂದ, ಪಶುವೈದ್ಯರು ಬೆಳಕಿನ ಉಪಕರಣದಿಂದ ತಮಟೆಯವರೆಗೆ ನೋಡಿ, ಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಬಳಿಕವೇ ನುಸಿಯೋ ಯೀಸ್ಟೋ ಜೀವಾಣುವೋ ಎಂಬುದು ನಿಶ್ಚಯವಾಗುತ್ತದೆ. ತಮಟೆ ಹರಿದಿದ್ದರೆ, ಹೊರಗಿವಿಗೆ ಹಿತವಾದ ಹನಿಯೇ ಒಳಗಿವಿಗೆ ವಿಷವಾಗಿ ಕಿವುಡನ್ನು ತರಬಲ್ಲುದು. ಹುಳು ಬಿದ್ದ ಗಾಯಕ್ಕೆ ಹೊಂಗೆ, ಬೇವಿನ ಎಣ್ಣೆಗಳನ್ನು ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲುಂಟು. ಅದನ್ನು ಕಾಣದ ನಾಳದೊಳಕ್ಕೆ ಸುರಿಯುವುದು ಸರ್ವಥಾ ಸಲ್ಲದು. ಸೀಮೆಎಣ್ಣೆಯ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ.

ಎರಡನೆಯದಾಗಿ, ಹಳೆಯ ಬೇಟೆಯಾಳುಗಳ ಕ್ರಮವನ್ನು ಮರೆಯಬಾರದು. ವೈದ್ಯರು ಸೂಚಿಸಿದ ದ್ರವದಿಂದ ಕಿವಿಯನ್ನು ತುಂಬಿ, ಬುಡವನ್ನು ಹೊರಗಿನಿಂದ ಮೆಲ್ಲನೆ ನೀವಿ, ನಾಯಿಗೆ ತಲೆ ಕೊಡವಲು ಬಿಟ್ಟು, ಹೊರಬಂದ ಕೊಳೆಯನ್ನು ಹತ್ತಿಯಿಂದ ಒರಸುವುದು ಸಾಕು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಒಳಕ್ಕೆ ತೂರಿಸಿದರೆ ಗುಗ್ಗೆ ತಿರುವಿನ ಆಚೆಗೆ ದೂಡಲ್ಪಡುತ್ತದೆ. ಸ್ನಾನ ಅಥವಾ ಈಜಿನ ಅನಂತರ ಕಿವಿಯನ್ನು ಒಣಗಿಸಬೇಕು. ಆರೋಗ್ಯವಾಗಿರುವ ಕಿವಿಯನ್ನು ಪದೇ ಪದೇ ತೊಳೆಯುವುದೂ ಹಿತವಲ್ಲ.

ಮೂರನೆಯದಾಗಿ, ಹೇಳಿದಷ್ಟು ದಿನ ಔಷಧಿಯನ್ನು ಪೂರ್ತಿಗೊಳಿಸಬೇಕು. ಕೆರೆತ ನಿಂತೊಡನೆ ನಿಲ್ಲಿಸಬಾರದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಜೀವಾಣುನಾಶಕಗಳು ದೊರೆತ ಮೇಲೆ, ಕಾರಣವನ್ನು ಹುಡುಕದೆ ಹನಿಯನ್ನು ಬಿಡುವ ಅಭ್ಯಾಸ ಬೆಳೆಯಿತು. ಅದರ ಫಲವಾಗಿ, ಹಲವು ಔಷಧಿಗಳಿಗೆ ಬಗ್ಗದ ಸ್ಯೂಡೊಮೊನಾಸ್ ಮೊದಲಾದ ಜೀವಾಣುಗಳು ಹಳೆಯ ಕಿವಿಬೇನೆಗಳಲ್ಲಿ ನೆಲೆಸುತ್ತಿವೆ. ಬೇನೆ ವರ್ಷಗಟ್ಟಲೆ ಮರುಕಳಿಸಿ ನಾಳ ಗಟ್ಟಿಯಾಗಿ ಮುಚ್ಚಿಹೋದಾಗ ಶಸ್ತ್ರಚಿಕಿತ್ಸೆಯೊಂದೇ ಉಳಿಯುತ್ತದೆ. ನಾಳದ ಹೊರಗೋಡೆಯನ್ನು ತೆರೆಯುವ ವಿಧಾನವನ್ನು ಅಮೆರಿಕದ ಜೆಪ್ ೧೯೪೯ರಲ್ಲಿ ಪ್ರಕಟಿಸಿದನು. ತೀರ ಕೆಟ್ಟ ಸ್ಥಿತಿಯಲ್ಲಿ ಇಡಿಯ ನಾಳವನ್ನೇ ತೆಗೆಯಬೇಕಾಗುತ್ತದೆ. ಮೊದಲ ವಾರದ ಅಲಕ್ಷ್ಯದ ಬೆಲೆ ಇದು.

೮

ಈ ಸಮೀಕ್ಷೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ನಾಯಿಯ ಕಿವಿಯನ್ನು ಕುರಿತ ತಿಳುವಳಿಕೆ ಏಕರೀತಿಯಾಗಿ ಬೆಳೆದುದಲ್ಲ. ನಾಯಿ ಮನುಷ್ಯನ ಜೀವನದಲ್ಲಿ ಎಲ್ಲಿ ಬೆಲೆಯನ್ನು ಪಡೆಯಿತೋ ಅಲ್ಲಿ, ಮಂದೆಯಲ್ಲಿ, ಬೇಟೆಯಲ್ಲಿ, ಮನೆಯಲ್ಲಿ, ಅದು ಚಿಗುರಿದೆ. ಬೆಲೆ ಇದ್ದೂ ಗ್ರಂಥ 
ಬೆಳೆಯದಿದ್ದ ನಮ್ಮ ನಾಡಿನ ಉದಾಹರಣೆ, ಗೌರವವೂ ಶುಶ್ರೂಷೆಯೂ ಒಂದೇ ಅಲ್ಲವೆಂಬುದನ್ನು ನೆನಪಿಸುತ್ತದೆ. ಕಾಳಿಯ ಕಲ್ಲು ನಮಗೆ ಹೆಮ್ಮೆ ತರತಕ್ಕದ್ದೇ. ಕಾಳಿಯ ಕಿವಿಯನ್ನು ಯಾರು ನೋಡುತ್ತಿದ್ದರೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳು ಕೇಳಬೇಕು.

ಎರಡನೆಯ ಅಂಶ ಹೆಸರಿಗೆ ಸಂಬಂಧಿಸಿದುದು. ರೋಮನರು ನೊಣವನ್ನು ಕಂಡರು, ಯೂಯಟ್‌ನು ನೀರನ್ನು ಕಂಡನು, ಹೆರಿಂಗನು ನುಸಿಯನ್ನು ಕಂಡನು, ಗುಸ್ತಾಫ್‌ಸನ್ ಯೀಸ್ಟನ್ನು ಕಂಡನು. ಇವರಲ್ಲಿ ಯಾರ ಕಣ್ಣೂ ಸುಳ್ಳು ಹೇಳಲಿಲ್ಲ. ಒಂದೊಂದು ಕಾಲದಲ್ಲಿ ಕಂಡ ಅಂಶವನ್ನು ಇಡಿಯ ಸತ್ಯವೆಂದು ತಿಳಿದಾಗ ಮಾತ್ರ ತಪ್ಪು ಸಂಭವಿಸಿತು. ಇದು ಪಶುವೈದ್ಯದ ಚರಿತ್ರೆಗೆ ಮಾತ್ರ ಸಲ್ಲುವ ಪಾಠವಲ್ಲ. ಆದರೆ ಇಲ್ಲಿ ಅದರ ಬೆಲೆಯನ್ನು ತೆತ್ತುದು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಪ್ರಾಣಿ. ಆದುದರಿಂದ ತಲೆ ಕೊಡವುವ ನಾಯಿಯನ್ನು ಕಂಡಾಗ, ಹೆಸರನ್ನು ಹೇಳುವ ಮೊದಲು ಕಿವಿಯನ್ನು ನೋಡಬೇಕೆಂಬುದೇ ಈ ಚರಿತ್ರೆಯ ಸಾರವೆಂದು ನಾವು ಭಾವಿಸುತ್ತೇವೆ.